ಬುಡ ತಿರುಗಿಸಿದರೆ ಹೆಸರೇ ಇಲ್ಲ!

ಫಿನ್ಲೆಂಡಿನವರ ಮನೆಗೆ ಕಾಫಿಗೆ ಹೋದಾಗ ಒಂದು ಮಜಾ ಗಮನಿಸಬಹುದು. ಕಾಫಿ ಮುಗಿಯುತ್ತದೆ. ಮನೆಯವರು ಇನ್ನೊಂದು ಸುತ್ತು ತರಲು ಅಡುಗೆಮನೆಗೆ ಹೋಗುತ್ತಾರೆ. ಅಷ್ಟರಲ್ಲಿ ಬಂದ ಅತಿಥಿ ಅತ್ತಿತ್ತ ನೋಡಿ ತಟ್ಟೆಯನ್ನೋ ಸಕ್ಕರೆ ಬಟ್ಟಲನ್ನೋ ಮೆಲ್ಲಗೆ ಮಗುಚಿ ಅದರ ಬುಡ ನೋಡಿಬಿಡುತ್ತಾನೆ. ಹಳೇ ಸಾಮಾನಿನ ಅಂಗಡಿಗಳಲ್ಲಂತೂ ಇದಕ್ಕೆ ನಾಚಿಕೆಯೂ ಇಲ್ಲ. ಇಲ್ಲಿ ಅವಕ್ಕೆ ‘ಕಿರ್ಪುತೋರಿ’ ಅನ್ನುತ್ತಾರೆ. ಒಳಗೆ ಹೋದರೆ ಅರ್ಧ ಜನ ಲೋಟ, ಹೂದಾನಿ, ಬಟ್ಟಲುಗಳನ್ನು ತಲೆಕೆಳಗಾಗಿ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾರೆ. ಏನು ಹುಡುಕುತ್ತಿದ್ದಾರೆ? ಹೆಸರು.

ನಮ್ಮಲ್ಲೂ ಪಾತ್ರೆಗಳ ಮೇಲೆ ಹೆಸರಿರುತ್ತದಲ್ಲ! ಸ್ಟೀಲ್ ಕೊಡವೋ ಡಬರಿಯೋ ಕೊಂಡಾಗ ಅಂಗಡಿಯವರು ‘ಹೆಸರು ಹಾಕ್ಬೇಕಾ?’ ಅಂತ ಕೇಳಿ, ಟರ್ರ್ ಅನ್ನುವ ಪುಟ್ಟ ಮಷೀನಿನಿಂದ ‘ಸೋದರಮಾವನ ಉಡುಗೊರೆ’ ಅಂತ ಕೊರೆದು ಕೊಡುತ್ತಾರೆ. ನಮ್ಮಜ್ಜಿಯ ಅಟ್ಟದಲ್ಲಿರುವ ಪಾತ್ರೆಗಳನ್ನು ಓದುತ್ತಾ ಹೋದರೆ ಮನೆತನದ ಅರ್ಧ ಇತಿಹಾಸ ಸಿಗುತ್ತದೆ. ಇಲ್ಲಿನ ಗಾಜಿನ ಬುಡದಲ್ಲೂ ಹೆಚ್ಚುಕಡಿಮೆ ಹಾಗೇ ಕೊರೆದಿರುತ್ತಾರೆ. ಆದರೆ ಅದು ಕೊಟ್ಟವರ ಹೆಸರಲ್ಲ, ಅದರ ವಿನ್ಯಾಸ ಮಾಡಿದವರ ಹೆಸರು. ಆ ಹೆಸರಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು ಬೆಲೆ. ನಮ್ಮ ಕೊಡದಲ್ಲಾಗಲಿ ಇವರ ಗಾಜಿನಲ್ಲಾಗಲಿ ಕೈಯಾರೆ ಅದನ್ನು ಮಾಡಿದವನ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ನಾನು ತಾಂಪೆರೆಯಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಗಾಜಿಗೂ ನನ್ನ ಓದಿಗೂ ಯಾವ ಸಂಬಂಧವೂ ಇಲ್ಲ. ನನ್ನ ಜತೆ ಒಂದೇ ಫ್ಲ್ಯಾಟಿನಲ್ಲಿರುವ ಗೆಳತಿ ಇಲ್ಲಿಯವಳೇ. ಹೋದ ವರ್ಷ ಅವಳ ಮುಮ್ಮೊ, ಅಂದರೆ ಅಜ್ಜಿ, ತೀರಿಕೊಂಡರು. ಮುಮ್ಮೊ ಬಿಟ್ಟುಹೋದ ಸಾಮಾನುಗಳಲ್ಲಿ ಒಂದು ಗಾಜಿನ ಹೂದಾನಿಯಿತ್ತು. ಗೇಣುದ್ದಕ್ಕಿಂತ ಸ್ವಲ್ಪ ಎತ್ತರ, ಬಣ್ಣವಿಲ್ಲದ ದಪ್ಪ ಗಾಜು, ಕೈಗೆತ್ತಿಕೊಂಡರೆ ರುಬ್ಬುಗುಂಡಿನಷ್ಟು ಭಾರ. ಹೊರಮೈಯೆಲ್ಲ ಒರಟೊರಟು, ಹೆಪ್ಪುಗಟ್ಟಿದ ನೀರಿನ ಹಾಗೆ. ಮನೆಯಲ್ಲಿ ಎಲ್ಲರೂ ಅದನ್ನು ‘ವಿರ್ಕಲಾ’ ಅಂತಲೇ ಕರೆಯುತ್ತಿದ್ದರು. ‘ವಿರ್ಕಲಾ ಕೆಳಗೆ ಬೀಳಿಸಬೇಡ’, ‘ವಿರ್ಕಲಾದಲ್ಲಿ ಹೂವಿಡು’ ಅನ್ನುವ ಹಾಗೆ. ಈ ಹೆಸರಿಗೆ ಒಂದು ಕಥೆಯೂ ಇತ್ತು. ಗೆಳತಿಯ ಅಜ್ಜ ಈತ್ತಲಾ ಗಾಜಿನ ಕಾರ್ಖಾನೆಯಲ್ಲಿ ಗಾಜು ಊದುವ ಕೆಲಸದಲ್ಲಿದ್ದವರು. ಮಹಾನ್ ವಿನ್ಯಾಸಕಾರ ತಾಪಿಯೊ ವಿರ್ಕಲಾ ಅವರೇ ಅಜ್ಜನ ಕೆಲಸ ಮೆಚ್ಚಿ ಇದನ್ನು ಕೈಯಾರೆ ಕೊಟ್ಟರು ಅನ್ನುವುದು ಆ ಕಥೆ. (ಇಲ್ಲಿ ಅಜ್ಜನಿಗೆ ‘ಉಕ್ಕಿ’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನು ಒಲೆ ಮೇಲಿನ ಹಾಲಿನ ಕಡೆ ನೋಡಿದ್ದೆ.)

ಕಥೆ ಕಥೆಯಾಗಿಯೇ ಉಳಿದಿದ್ದರೆ ತೊಂದರೆ ಇರಲಿಲ್ಲ. ಆದರೆ ಫಿನ್ಲೆಂಡಿನಲ್ಲಿ ಯಾರಾದರೂ ತೀರಿಕೊಂಡರೆ ಮೂರು ತಿಂಗಳೊಳಗೆ ಅವರ ಆಸ್ತಿ–ಸಾಲದ ಪಟ್ಟಿ ಮಾಡಬೇಕು. ಅದು ಕಾನೂನು. ಮನೆ, ಬ್ಯಾಂಕಿನ ಹಣ, ಕಾರು ಎಲ್ಲವೂ ಅದರಲ್ಲಿ ಬರಬೇಕು. ಬೆಲೆಬಾಳುವ ವಸ್ತುಗಳಿದ್ದರೆ ಅವುಗಳ ಮೌಲ್ಯವನ್ನೂ ಬರೆಯಬೇಕು. ಮೌಲ್ಯ ಕಟ್ಟಲು ಇಬ್ಬರು ನಂಬಿಕಸ್ಥರು ಇರಬೇಕು. ಮುಮ್ಮೊಗೆ ಇಬ್ಬರು ಹೆಣ್ಣುಮಕ್ಕಳು: ಗೆಳತಿಯ ದೊಡ್ಡಮ್ಮ ಮತ್ತು ಗೆಳತಿಯ ಅಮ್ಮ. ಇಬ್ಬರ ಮಧ್ಯೆ ಮೊದಲೇ ಮಾತು ಕಡಿಮೆ. ಹೂದಾನಿ ನಿಜವಾಗಿಯೂ ವಿರ್ಕಲಾ ಅವರದ್ದಾಗಿದ್ದು, ಅಪರೂಪದ್ದಾಗಿದ್ದರೆ ಅದರ ಬೆಲೆ ಸಾವಿರಾರು ಯೂರೊ ಆಗಬಹುದು. ಆಗ ಮಾರಿ ಹಂಚಿಕೊಳ್ಳಬೇಕು ಅನ್ನುವುದು ಅಮ್ಮನ ವಾದ. ಅಪ್ಪನಿಗೆ ಸಿಕ್ಕ ಗೌರವವನ್ನು ಹರಾಜಿಗಿಡುತ್ತೀಯಾ ಅನ್ನುವುದು ದೊಡ್ಡಮ್ಮನ ಪ್ರಶ್ನೆ. ಆಸ್ತಿ ಜಗಳಕ್ಕೆ ಭಾಷೆಯ ಹಂಗಿಲ್ಲ ಬಿಡಿ! ಇದು ಯಾರದ್ದು ಅಂತ ಮೊದಲು ಪತ್ತೆ ಹಚ್ಚಿ ಅಂತ ಆ ಹೂದಾನಿ ನಮ್ಮ ಫ್ಲ್ಯಾಟಿಗೆ ಬಂತು. ಟವೆಲ್ಲಿನಲ್ಲಿ ಸುತ್ತಿ, ಬೆನ್ನಿಗೆ ಹಾಕುವ ಬ್ಯಾಗಿನಲ್ಲಿಟ್ಟು, ಬಸ್ಸಿನಲ್ಲಿ.

ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವುದೇ. ಬುಡ ತಿರುಗಿಸಿದೆವು. ಏನೂ ಇಲ್ಲ.

ಗಾಜಿನ ಮೇಲೆ ತೆಳುವಾಗಿ ಕೊರೆದ ಸಹಿ ವರ್ಷಗಟ್ಟಲೆ ಮೇಜಿನ ಮೇಲೆ ಉಜ್ಜಿ ಮಸುಕಾಗಿರುತ್ತದೆ. ಅದನ್ನು ಓದಲು ಒಂದು ಉಪಾಯವಿದೆ. ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ, ಬುಡಕ್ಕೆ ತಾಗುವ ಹಾಗೆ ಹಿಡಿಯಬೇಕು. ಆಗ ಗೀರುಗಳಿಗೆ ನೆರಳು ಬೀಳುತ್ತದೆ. ಇನ್ನೂ ಕಾಣದಿದ್ದರೆ ಚಿಟಿಕೆ ಪೌಡರ್ ಹಾಕಿ ಬೆರಳಲ್ಲಿ ಸವರಬೇಕು. ನಾನು ಡಬ್ಬದಲ್ಲಿದ್ದ ಮೈದಾಹಿಟ್ಟು ಹಾಕಿದೆ. ಗೀರುಗಳೇನೋ ಎದ್ದು ಬಂದವು. ಆದರೆ ಅಕ್ಷರ ಒಂದೂ ಇರಲಿಲ್ಲ. ಬುಡದ ಅಂಚಿನ ಸುತ್ತ ಸಣ್ಣ ಸಣ್ಣ ಗೀರುಗಳು ಅಡ್ಡಾದಿಡ್ಡಿಯಾಗಿದ್ದವು. ಇದು ನಿರಾಸೆಯೇ ಆದರೂ ಒಂದು ಸುಳಿವೂ ಹೌದು. ದಶಕಗಳ ಕಾಲ ಕಿಟಕಿಯ ಹಲಗೆ, ಮೇಜು ಅಂತ ಎತ್ತಿಟ್ಟ ಗಾಜಿಗೆ ಹೀಗೇ ಆಗುತ್ತದೆ. ಬೇಕಂತಲೇ ಉಜ್ಜಿ ಹಳತು ಮಾಡಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗಿರುತ್ತವೆ.

ಬುಡದ ಮಧ್ಯೆ ನುಣುಪಾದ ಚಪ್ಪಟೆ ಜಾಗವಿತ್ತು. ಅಂದರೆ ಮಾಡಿದ ಮೇಲೆ ಸಾಣೆ ಹಿಡಿದು ಪಾಲಿಶ್ ಮಾಡಿದ್ದಾರೆ. ಒಳಗೆ ಬೆರಳಾಡಿಸಿದರೆ ಬೆಣ್ಣೆಯ ಹಾಗೆ ನಯ, ಒರಟೆಲ್ಲ ಹೊರಗೇ. ಇದೂ ಮುಖ್ಯ. ಕರಗಿದ ಗಾಜನ್ನು ಕೊಳವೆಯ ತುದಿಗೆ ಸುತ್ತಿಕೊಂಡು ಅಚ್ಚಿನೊಳಗೆ ಇಳಿಸಿ ಬಾಯಲ್ಲಿ ಊದಿದರೆ, ಹೊರಮೈ ಅಚ್ಚಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಒಳಮೈಗೆ ಬರೀ ಉಸಿರು ತಾಗುತ್ತದೆ. ಹಾಗಾಗಿ ಒಳಗೆ ನಯ, ಹೊರಗೆ ಅಚ್ಚಿನ ಗುರುತು. ಅಂದರೆ ಇದು ಬಾಯಲ್ಲಿ ಊದಿದ್ದು, ಯಾರೋ ಒಬ್ಬರ ಉಸಿರು ತುಂಬಿದ್ದು. ಆ ‘ಯಾರೋ’ ಯಾರು ಅನ್ನುವುದು ಆಗ ನಮ್ಮ ಪ್ರಶ್ನೆಯೇ ಆಗಿರಲಿಲ್ಲ. ನಮಗೆ ಬೇಕಿದ್ದದ್ದು ವಿನ್ಯಾಸಕಾರನ ಹೆಸರು.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳದೆ ಮುಂದೆ ಹೋಗಲಾಗದು. ಫಿನ್ಲೆಂಡಿನಲ್ಲಿ ಹಳೆಯ ಗಾಜಿನ ಕಾರ್ಖಾನೆಗಳು ಹಲವು. ನೂತಯಾರ್ವಿ 1793ರಲ್ಲಿ ಶುರುವಾದದ್ದು, ಈತ್ತಲಾ 1881ರಲ್ಲಿ, ಕರ್ಹುಲಾ 1889ರಲ್ಲಿ, ರೀಹಿಮ್ಯಾಕಿ 1910ರಲ್ಲಿ. ಕಾಡಿನ ಸೌದೆ ಇದ್ದಲ್ಲಿ ಕುಲುಮೆ, ಕುಲುಮೆಯ ಸುತ್ತ ಒಂದು ಹಳ್ಳಿ. ಎರಡನೇ ಮಹಾಯುದ್ಧ ಮುಗಿದಾಗ ಇದು ಸೋತು ಸುಣ್ಣವಾದ ದೇಶ. ಸೋವಿಯತ್ ಒಕ್ಕೂಟಕ್ಕೆ ಪರಿಹಾರ ಕಟ್ಟಬೇಕಿತ್ತು. ಅಂಥ ಹೊತ್ತಿನಲ್ಲಿ, 1946ರಲ್ಲಿ, ಈತ್ತಲಾದವರು ಗಾಜಿನ ವಿನ್ಯಾಸಕ್ಕೆ ಸ್ಪರ್ಧೆ ಇಟ್ಟರು. ಅದರಿಂದ ಬೆಳಕಿಗೆ ಬಂದವರು ತಾಪಿಯೊ ವಿರ್ಕಲಾ. ಐದೇ ವರ್ಷದಲ್ಲಿ, 1951ರ ಮಿಲಾನ್ ತ್ರೈವಾರ್ಷಿಕ ಪ್ರದರ್ಶನದಲ್ಲಿ, ಅವರೊಬ್ಬರೇ ಮೂರು ಗ್ರ್ಯಾಂಡ್ ಪ್ರಿ ಗೆದ್ದುಬಂದರು. ಅಣಬೆಯ ಆಕಾರದ ಅವರ ‘ಕಂತರೆಲ್ಲಿ’ ಹೂದಾನಿ ಈ ದೇಶದ ಹೆಮ್ಮೆ. ಒಂದು ಪುಟ್ಟ ದೇಶಕ್ಕೆ ‘ನಾವೂ ಇದ್ದೇವೆ’ ಅಂತ ಜಗತ್ತಿಗೆ ಹೇಳಲು ಗಾಜು ಸಿಕ್ಕಿತು. ಆದ್ದರಿಂದಲೇ ಇಲ್ಲಿ ಮನೆಮನೆಯ ಒರಟು ಗಾಜೆಲ್ಲ ‘ವಿರ್ಕಲಾ’ ಆಗಿಬಿಡುತ್ತದೆ. ನಮ್ಮಲ್ಲಿ ಯಾವ ಹಳೇ ಕಲ್ಲು ದೇವಸ್ಥಾನ ಕಂಡರೂ ‘ಜಕಣಾಚಾರಿ ಕಟ್ಟಿದ್ದು’ ಅನ್ನುವುದಿಲ್ಲವೇ, ಹಾಗೆ.

ಸಹಿ ಇಲ್ಲದಿದ್ದರೂ ಮಂಜುಗಡ್ಡೆಯ ಹಾಗಿರುವುದೇ ಸಾಕ್ಷಿ ಅನ್ನುವುದು ದೊಡ್ಡಮ್ಮನ ವಾದವಾಗಿತ್ತು. ಫೋನಿನಲ್ಲೇ ಹೇಳಿದರು: ‘ಮಂಜುಗಡ್ಡೆ ಅಂದರೆ ವಿರ್ಕಲಾ.’ ಪೂರ್ತಿ ಸುಳ್ಳೂ ಅಲ್ಲ. ಲ್ಯಾಪ್‌ಲ್ಯಾಂಡಿನ ಕರಗುವ ಮಂಜುಗಡ್ಡೆ ನೋಡಿ ಅವರು 1968ರಲ್ಲಿ ಮಾಡಿದ ‘ಉಲ್ತಿಮಾ ತೂಲೆ’ ಲೋಟಗಳು ಇಲ್ಲಿ ಎಲ್ಲೆಲ್ಲೂ ಇವೆ. ಫಿನ್ನೇರ್ ವಿಮಾನದ ಬಿಸಿನೆಸ್ ಕ್ಲಾಸಿನಲ್ಲೂ ಅದರಲ್ಲೇ ಕುಡಿಯಲು ಕೊಡುತ್ತಾರಂತೆ. (ನಾನು ಬಂದದ್ದು ಎಕಾನಮಿಯಲ್ಲಿ, ಕಾಗದದ ಲೋಟದಲ್ಲಿ.) ನಮ್ಮ ಫ್ಲ್ಯಾಟಿನಲ್ಲೇ ಎರಡು ಲೋಟ ಇದ್ದವು. ಹೂದಾನಿಯ ಪಕ್ಕದಲ್ಲಿಟ್ಟು ನೋಡಿದೆವು. ಲೋಟಗಳ ಮೇಲಿನದ್ದು ಹನಿ. ಕರಗಿ ಕೆಳಗಿಳಿಯುವ ನೀರಿನ ದುಂಡು ಹನಿಗಳು. ಎರಡೂ ಲೋಟಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಥರ. ಹೂದಾನಿಯ ಮೇಲಿದ್ದದ್ದು ಹನಿ ಅಲ್ಲ. ಉದ್ದುದ್ದ ಸೀಳು, ನಡುನಡುವೆ ಗುಳಿ, ಅಲ್ಲಲ್ಲಿ ಚಕ್ಕೆ ಎದ್ದಂತೆ. ನೋಡಿದಷ್ಟೂ ಅದು ಮಂಜುಗಡ್ಡೆಗಿಂತ ಹೆಚ್ಚಾಗಿ ಬೇರೆ ಏನನ್ನೋ ನೆನಪಿಸುತ್ತಿತ್ತು. ಏನು ಅಂತ ಇಬ್ಬರಿಗೂ ಬಾಯಿಗೆ ಬರಲಿಲ್ಲ.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ತಲೆ ಇನ್ನೂ ಕೆಡುತ್ತದೆ. ಮಾರುವವರೆಲ್ಲ ಸಹಿ ಇಲ್ಲದ ಗಾಜಿಗೆ ದೊಡ್ಡ ಹೆಸರು ಅಂಟಿಸಿರುತ್ತಾರೆ. ‘ವಿರ್ಕಲಾ ಶೈಲಿ’ ಅನ್ನುವುದು ಇನ್ನೊಂದು ಜಾಣತನ. ಸಹಿ ಇದ್ದರೂ ನಂಬುವ ಹಾಗಿಲ್ಲ. ಖಾಲಿ ಬುಡಕ್ಕೆ ಆಮೇಲೆ ಹೆಸರು ಕೊರೆಯಲು ದೊಡ್ಡ ಯಂತ್ರವೇನೂ ಬೇಡ, ನಮ್ಮ ಪಾತ್ರೆ ಅಂಗಡಿಯ ಮಷೀನೇ ಸಾಕು. ಹೆಸರಿನ ಪಕ್ಕ ನಾಲ್ಕಂಕಿಯ ಸಂಖ್ಯೆ ಇದ್ದರೆ ಅದನ್ನು ‘ಇಷ್ಟೇ ಮಾಡಿದ್ದಾರೆ’ ಅಂತ ಓದುವವರೂ ಇದ್ದಾರೆ. ಅದು ಮಾದರಿಯ ಸಂಖ್ಯೆ ಅಷ್ಟೇ, ಕಾರ್ಖಾನೆಯ ಹಳೆಯ ಕ್ಯಾಟಲಾಗಿನಲ್ಲಿ ಹುಡುಕಲು ಅನುಕೂಲ. ನೂತಯಾರ್ವಿಯ ಎಷ್ಟೋ ಕಲಾಗಾಜಿನ ಮೇಲೆ ಇಸವಿಯ ಕೊನೆಯ ಎರಡಂಕಿಯನ್ನೂ ಬರೆದಿರುತ್ತಾರೆ, ಪತ್ತೆಗೆ ಅದು ವರವೇ. ಈತ್ತಲಾದ ವಸ್ತುಗಳ ಮೇಲೆ ಕೆಂಪು ದುಂಡನೆಯ ಸ್ಟಿಕ್ಕರು, ಅದರಲ್ಲಿ ಬಿಳಿ ಅಕ್ಷರ ಇರುತ್ತಿತ್ತು. ಆ ಗುರುತನ್ನು 1956ರಲ್ಲಿ ಮಾಡಿದ್ದು ಇನ್ನೊಬ್ಬ ವಿನ್ಯಾಸಕಾರ ತಿಮೊ ಸರ್ಪನೇವಾ. 2024ರಲ್ಲಿ ಕಂಪನಿ ಅದನ್ನು ಕೈಬಿಟ್ಟು ಹೊಸ ಗುರುತು ತಂದಾಗ ಇಲ್ಲಿನ ಜನ ಮನೆಯವರನ್ನೇ ಬೈದಷ್ಟು ಬೈದರು. ಆದರೆ ಸ್ಟಿಕ್ಕರಿನದ್ದು ಒಂದೇ ಕಷ್ಟ: ನಾಲ್ಕು ಸಲ ತೊಳೆದರೆ ಹೋಗಿಬಿಡುತ್ತದೆ. ಮುಮ್ಮೊ ಶಿಸ್ತಿನ ಹೆಂಗಸು, ವಾರಕ್ಕೊಮ್ಮೆ ತೊಳೆಯುತ್ತಿದ್ದರು.

ಸಹಿ ಇಲ್ಲದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದು ನನಗೆ ಈ ಇಡೀ ಹುಡುಕಾಟದಲ್ಲಿ ತುಂಬ ಇಷ್ಟವಾದ ವಿಷಯ. ಕಾಯ್ ಫ್ರಾಂಕ್ ಅಂತ ಒಬ್ಬರಿದ್ದರು, 1911ರಿಂದ 1989ರವರೆಗೆ ಬದುಕಿದವರು. ನೂತಯಾರ್ವಿಯ ಕಲಾ ನಿರ್ದೇಶಕರು. ಇವತ್ತಿಗೂ ಇಲ್ಲಿ ಮನೆಮನೆಯಲ್ಲಿರುವ ಸಾದಾ ತಟ್ಟೆ–ಲೋಟಗಳ ಹಿಂದಿನ ತಲೆ ಅವರದ್ದೇ. ದಿನಬಳಕೆಯ ವಸ್ತುವಿನ ಮೇಲೆ ವಿನ್ಯಾಸಕಾರನ ಹೆಸರು ಇರಲೇಬಾರದು ಅಂತ ಅವರು 1960ರ ದಶಕದಲ್ಲಿ ವಾದ ಮಾಡಿದರು. ಒಂದು ಲೋಟದ ಹಿಂದೆ ಊದುವವರು, ಅಚ್ಚು ಮಾಡುವವರು, ಸಾಣೆ ಹಿಡಿಯುವವರು ಎಷ್ಟೋ ಜನ ಇರುವಾಗ ಒಬ್ಬನ ಹೆಸರು ಮಾತ್ರ ಯಾಕೆ ಅನ್ನುವ ಯೋಚನೆ. ಆಗ ಕಂಪನಿಗಳು ವಿನ್ಯಾಸಕಾರರನ್ನು ಸಿನಿಮಾ ತಾರೆಯರ ಹಾಗೆ ಮೆರೆಸುತ್ತಿದ್ದವು, ಹೆಸರಿನ ಮೇಲೇ ಮಾರಾಟ. ಅಂಥ ಕಾಲದಲ್ಲಿ ಅದೇ ಕಾರ್ಖಾನೆಯ ಒಳಗಿದ್ದು ಹೀಗೆ ಹೇಳಲು ಎದೆಗಾರಿಕೆ ಬೇಕು. ತಮಾಷೆ ನೋಡಿ, ಹೆಸರು ಬೇಡ ಅಂದವರ ಹೆಸರಿರುವ ಹಳೆಯ ಗಾಜಿಗೆ ಈಗ ಸಂಗ್ರಾಹಕರು ಮುಗಿಬೀಳುತ್ತಾರೆ.

ಒಂದು ಶನಿವಾರ ಇಬ್ಬರೂ ರೈಲು ಹತ್ತಿದೆವು. ಅದೃಷ್ಟಕ್ಕೆ ನಮಗೆ ಬೇಕಾದ ಎರಡೂ ಊರು ತಾಂಪೆರೆ–ಹೆಲ್ಸಿಂಕಿ ಮಾರ್ಗದಲ್ಲೇ ಇವೆ. ಮೊದಲು ರೀಹಿಮ್ಯಾಕಿ. ಅಲ್ಲಿ ಹಳೆಯ ಗಾಜಿನ ಕಾರ್ಖಾನೆಯ ಕಟ್ಟಡದಲ್ಲೇ ಫಿನ್ನಿಶ್ ಗಾಜಿನ ಮ್ಯೂಸಿಯಂ ಇದೆ. ರೀಹಿಮ್ಯಾಕಿಯ ಕಾರ್ಖಾನೆ 1976ರಲ್ಲಿ ಬಾಯಲ್ಲಿ ಊದುವುದನ್ನು ನಿಲ್ಲಿಸಿತು, 1990ರಲ್ಲಿ ಬಾಗಿಲೇ ಮುಚ್ಚಿತು. ಅಲ್ಲಿ ಕೆಲಸ ಮಾಡಿದ ವಿನ್ಯಾಸಕಾರರಲ್ಲಿ ಹೆಂಗಸರದ್ದೇ ಮೇಲುಗೈ: ಹೆಲೆನಾ ತ್ಯುನೆಲ್, ನಾನ್ನಿ ಸ್ಟಿಲ್, ತಮಾರಾ ಅಲಾದಿನ್. ತ್ಯುನೆಲ್ ಅವರ ಸೂರ್ಯನ ಚಿತ್ರವಿರುವ ಬಣ್ಣದ ಬಾಟಲಿಗಳ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ನಮ್ಮ ಹೂದಾನಿ ಇವರ ಯಾರದ್ದೂ ಅಲ್ಲ ಅನ್ನುವುದು ಅಲ್ಲಿನ ಗಾಜಿನ ಬೀರುಗಳ ಮುಂದೆ ನಿಂತಾಗ ಬೇಗ ತಿಳಿಯಿತು. ಅವರದ್ದು ಬಣ್ಣ, ಉಬ್ಬು, ನಗು. ನಮ್ಮದು ಗಂಭೀರ.

ಹೂದಾನಿಯ ಫೋಟೊ ಅಲ್ಲಿನ ಸಿಬ್ಬಂದಿಯೊಬ್ಬರಿಗೆ ತೋರಿಸಿದೆವು. ಬೆಲೆ ಹೇಳುವುದು ತಮ್ಮ ಕೆಲಸವಲ್ಲ ಅಂತ ಮೊದಲೇ ಹೇಳಿದರು. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಈ ಗೆರೆಗಳು ನಿಮಗೆ ಏನಿನ ಹಾಗೆ ಕಾಣುತ್ತವೆ?’ ಗೆಳತಿ ಮಂಜುಗಡ್ಡೆ ಅಂದಳು. ನನ್ನ ಬಾಯಿಗೆ ಅಷ್ಟರಲ್ಲಿ ಬಂದಿತ್ತು. ನಮ್ಮೂರಿನ ಬಚ್ಚಲ ಒಲೆಯಲ್ಲಿ ಅರ್ಧ ಉರಿದು ಆರಿದ ಕೊರಡು ಇರುತ್ತದಲ್ಲ, ಮೇಲೆಲ್ಲ ಚೌಕ ಚೌಕ ಬಿರುಕು ಬಿಟ್ಟು? ‘ಸುಟ್ಟ ಸೌದೆ’ ಅಂದೆ. ಅವರು ನಕ್ಕರು. ಬಚ್ಚಲ ಒಲೆ ಅಂದರೇನು ಅಂತ ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟೆ. ಆಮೇಲೆ ಅವರು ಹೇಳಿದ ಹೆಸರು ತಿಮೊ ಸರ್ಪನೇವಾ. ಸ್ಟಿಕ್ಕರಿನ ಆ ಕೆಂಪು ಗುರುತು ಮಾಡಿದವರೇ. ‘ಸರ್ಪ’ ಅಂತ ಶುರುವಾಗುವ ಹೆಸರನ್ನು ನಾನಂತೂ ಮರೆಯುವ ಹಾಗಿಲ್ಲ.

ವಿಷಯ ಇಷ್ಟು. ಗಾಜು ಊದಲು ಇಲ್ಲಿ ಹಿಂದಿನಿಂದಲೂ ಮರದ ಅಚ್ಚು ಬಳಸುತ್ತಾರೆ. ಹೆಚ್ಚಾಗಿ ಆಲ್ಡರ್ ಅನ್ನುವ ಮರ. ಅಚ್ಚನ್ನು ನೀರಿನಲ್ಲಿ ನೆನೆಸಿಟ್ಟಿರುತ್ತಾರೆ. ಸಾವಿರ ಡಿಗ್ರಿಗೂ ಮೀರಿ ಕಾದ ಗಾಜು ಒಳಗಿಳಿದಾಗ ನೀರು ಹಬೆಯಾಗಿ ಗಾಜಿಗೂ ಮರಕ್ಕೂ ನಡುವೆ ತೆಳ್ಳನೆ ಹಾಸಿಗೆಯ ಹಾಗೆ ನಿಲ್ಲುತ್ತದೆ. ಊದುವವನು ಕೊಳವೆಯನ್ನು ತಿರುಗಿಸುತ್ತಲೇ ಇದ್ದರೆ ಗಾಜಿನ ಮೈ ನುಣ್ಣಗೆ ಬರುತ್ತದೆ. ಹಾಗಿದ್ದೂ ಅಚ್ಚು ಸ್ವಲ್ಪ ಸ್ವಲ್ಪವೇ ಸುಡುತ್ತದೆ. ಒಳಗೋಡೆ ಕರಕಲಾಗಿ ಒರಟಾದರೆ ಅದನ್ನು ಎಸೆದು ಹೊಸದು ಮಾಡಬೇಕು. ಸರ್ಪನೇವಾ 1964ರ ಸುಮಾರಿಗೆ ಇದನ್ನೇ ತಿರುಗುಮುರುಗು ಮಾಡಿದರು. ಸುಟ್ಟು ಒರಟಾಗುವುದೇ ವಿನ್ಯಾಸ ಅಂದರು. ತಿರುಗಿಸದೆ ಊದಿ ಕರಕಲಿನ ಬಿರುಕು, ಮರದ ಎಳೆ ಎಲ್ಲವನ್ನೂ ಗಾಜಿಗೆ ಹಾಗೇ ಇಳಿಸಿದರು. ಪ್ರತಿ ಸಲ ಗಾಜು ಇಳಿದಾಗಲೂ ಅಚ್ಚು ಇನ್ನಷ್ಟು ಸುಡುತ್ತದೆ, ಆದ್ದರಿಂದ ಮುಂದಿನ ಹೂದಾನಿಯ ಮೈ ಬೇರೆಯೇ ಆಗುತ್ತದೆ. ಕಾರ್ಖಾನೆಯಲ್ಲಿ ಸಾಲಾಗಿ ಮಾಡಿದರೂ ಒಂದರ ಹಾಗೆ ಇನ್ನೊಂದಿಲ್ಲ. ಆ ಸರಣಿಗೆ ಇಟ್ಟ ಹೆಸರು ‘ಫಿನ್ಲಾಂದಿಯಾ’. ಎರಡು ವರ್ಷದ ನಂತರ ಬಂದ ಅವರ ‘ಫೆಸ್ಟಿವೋ’ ಮೇಣದಬತ್ತಿ ಸ್ಟ್ಯಾಂಡುಗಳಲ್ಲೂ ಇದೇ ಥರದ ಒರಟು ಮೈ ಇದೆ. ಅವು ಇಲ್ಲಿನ ಕಿಟಕಿಗಳಲ್ಲಿ ಚಳಿಗಾಲವಿಡೀ ನಿಂತಿರುತ್ತವೆ.

ಅಂದರೆ ದೊಡ್ಡಮ್ಮ ಇಷ್ಟು ವರ್ಷ ಮಂಜುಗಡ್ಡೆ ಅಂದುಕೊಂಡಿದ್ದು ಬೆಂಕಿಯ ಗುರುತು!

ಸಂಜೆ ಈತ್ತಲಾದಲ್ಲಿ ಇಳಿದೆವು. ಅದು ಹ್ಯಾಮೇನ್‌ಲಿನ್ನಾ ನಗರಕ್ಕೆ ಸೇರಿದ ಸಣ್ಣ ಊರು, ಕಾರ್ಖಾನೆ ಈಗಲೂ ನಡೆಯುತ್ತಿದೆ. ನೂತಯಾರ್ವಿಯ ಕಾರ್ಖಾನೆ 2014ರಲ್ಲಿ ಮುಚ್ಚಿದ ಮೇಲೆ ಓಯಿವಾ ತೋಯ್ಕಾ ಅವರ ಹೆಸರಾಂತ ಗಾಜಿನ ಹಕ್ಕಿಗಳನ್ನೂ ಇಲ್ಲೇ ಊದುತ್ತಾರೆ. ಊದುವವರು ಕೆಲಸ ಮಾಡುವುದನ್ನು ನೋಡಬಹುದು. ನಾನು ಒಬ್ಬ ಕುಶಲಕರ್ಮಿ ಒಬ್ಬನೇ ಕೂತು ಊದುತ್ತಾನೆ ಅನ್ನುವ ಕಲ್ಪನೆಯಲ್ಲಿದ್ದವರು ಒಮ್ಮೆ ನೋಡಬೇಕು ಅನ್ನುತ್ತೇನೆ. ಅದೊಂದು ತಂಡ. ಒಬ್ಬರು ಕುಲುಮೆಯಿಂದ ಗಾಜು ಸುತ್ತಿ ತರುತ್ತಾರೆ, ಒಬ್ಬರು ಊದುತ್ತಾರೆ, ಒಬ್ಬರು ಅಚ್ಚು ತೆರೆದು ಮುಚ್ಚುತ್ತಾರೆ, ಒಬ್ಬರು ಬಿಸಿಯಾಗಿರುವಾಗಲೇ ಅದನ್ನು ನಿಧಾನಕ್ಕೆ ತಣಿಸುವ ಒಲೆಗೆ ಒಯ್ಯುತ್ತಾರೆ. ಮಾತಿಲ್ಲ, ಬರೀ ತಲೆಯಾಡಿಸುವುದು. ಕೈ ಸ್ವಲ್ಪ ತಡವಾದರೆ ಗಾಜು ಜಾರುತ್ತದೆ ಅಥವಾ ಗಟ್ಟಿಯಾಗುತ್ತದೆ. ಗೆಳತಿ ಅಜ್ಜನ ಕೆಲಸ ಎಂಥದ್ದು ಅಂತ ಮೊದಲ ಸಲ ನೋಡಿದ್ದು ಅವತ್ತೇ. ಅವಳು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು.

ಅಲ್ಲಿಗೆ ಹೂದಾನಿಯ ಗುರುತು ಪಕ್ಕಾ ಆಯಿತೇ? ಇಲ್ಲ. ಮೇಲ್ಮೈ ಒಂದೇ ಸಾಕಾಗುವುದಿಲ್ಲ. ಒರಟು ಗಾಜನ್ನು ಆ ಕಾಲದಲ್ಲಿ ಬೇರೆಯವರೂ ಮಾಡಿದರು. ಆಕಾರ, ಎತ್ತರ, ಬಾಯಿಯ ಅಗಲ ಹಳೆಯ ಕ್ಯಾಟಲಾಗಿನ ಜತೆ ತಾಳೆಯಾಗಬೇಕು. ಟೇಪು ಹಿಡಿದು ಮಿಲಿಮೀಟರಿನಲ್ಲಿ ಅಳತೆ ತೆಗೆದೆವು, ಬುಡದ ನೇರ ಫೋಟೊ, ಪಕ್ಕದ ಫೋಟೊ, ಅಂಚಿನ ಫೋಟೊ, ಎಲ್ಲ ಸೇರಿಸಿ ಒಂದು ಹರಾಜು ಸಂಸ್ಥೆಯ ಮೌಲ್ಯಮಾಪಕರಿಗೆ ಕಳಿಸಿದೆವು. ಕಳಿಸುವವರಿಗೆ ಒಂದು ಮಾತು: ಬಿಳಿ ಗಾಜನ್ನು ಬಿಳಿ ಬಟ್ಟೆಯ ಮೇಲಿಟ್ಟು ಫೋಟೊ ತೆಗೆಯಬೇಡಿ, ಏನೂ ಕಾಣುವುದಿಲ್ಲ. ಹಿಂದೆ ಕಪ್ಪು ಬಟ್ಟೆ ಇರಲಿ, ಬೆಳಕು ಪಕ್ಕದಿಂದ ಬರಲಿ. ಉತ್ತರ ಬಂತು. ಸರ್ಪನೇವಾ, ಫಿನ್ಲಾಂದಿಯಾ ಸರಣಿ, ಈತ್ತಲಾ, 1960ರ ದಶಕ. ಸಹಿ ಇಲ್ಲ. ಗೋಡೆಯ ಒಳಗೆ ಸಾಸಿವೆ ಕಾಳಿನಷ್ಟು ಬಿಳಿಯ ಚುಕ್ಕೆಯೊಂದಿತ್ತಲ್ಲ, ಅದಕ್ಕೆ ಗಾಜಿನವರು ‘ಕಲ್ಲು’ ಅನ್ನುತ್ತಾರೆ. ಕುಲುಮೆಯಲ್ಲಿ ಕರಗದೆ ಉಳಿದ ಚೂರು. ಕಲ್ಲಿರುವುದರಿಂದ ಇದು ಎರಡನೇ ದರ್ಜೆಗೆ ಬಿದ್ದಿರಬಹುದು, ಸಹಿ ಹಾಕದೆ ಕಾರ್ಮಿಕರ ಕೈಗೆ ಹೋಗಿರಬಹುದು ಅಂತ ಅವರ ಊಹೆ. ಬೆಲೆ? ನಮ್ಮ ಫ್ಲ್ಯಾಟಿನ ಒಂದು ತಿಂಗಳ ಬಾಡಿಗೆಗಿಂತ ಕಡಿಮೆ.

ಗೆಳತಿಗೆ ಈ ಸುದ್ದಿ ದೊಡ್ಡಮ್ಮನಿಗೆ ಹೇಳುವುದೇ ಕಷ್ಟವಾಯಿತು. ವಿರ್ಕಲಾ ಅಲ್ಲ, ಬಹುಮಾನವೂ ಅಲ್ಲ, ಕಲ್ಲು ಬಿದ್ದ ಮಾಲು. ಎರಡು ದಿನ ಮುಂದೂಡಿದಳು. ಕೊನೆಗೆ ಅಮ್ಮ, ದೊಡ್ಡಮ್ಮ ಇಬ್ಬರನ್ನೂ ಒಂದೇ ವಿಡಿಯೊ ಕಾಲಿಗೆ ಸೇರಿಸಿ ಹೇಳಿಬಿಟ್ಟಳು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ, ಫಿನ್ನಿಶ್ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಮೊದಲು ಆ ಕಡೆಯಿಂದ ಸದ್ದೇ ಇಲ್ಲ. ಸುಟ್ಟ ಮರದ ಅಚ್ಚಿನ ವಿಷಯ ಬಂದಾಗ ದೊಡ್ಡಮ್ಮ ಮಧ್ಯೆ ಬಾಯಿ ಹಾಕಿದರು. ತಾನು ಶಾಲೆಗೆ ಸೇರಿದ ಹೊಸತರಲ್ಲಿ ಅಪ್ಪ ಕೆಲಸದಿಂದ ಬಂದರೆ ಅಂಗಿಯೆಲ್ಲ ಹೊಗೆ ವಾಸನೆ ಹೊಡೆಯುತ್ತಿತ್ತಂತೆ. ಸೌನಾದ ಒಲೆಯ ವಾಸನೆಯ ಹಾಗೆ, ಆದರೆ ಅದಕ್ಕಿಂತ ಕಟು. ಅಮ್ಮ ಆ ಅಂಗಿಗಳನ್ನು ಮನೆಯೊಳಗೆ ತರಲು ಬಿಡುತ್ತಿರಲಿಲ್ಲ, ಹೊರಗೇ ನೇತುಹಾಕುತ್ತಿದ್ದರು, ಚಳಿಗೆ ಅವು ಹಲಗೆಯ ಹಾಗೆ ಸೆಟೆದು ನಿಲ್ಲುತ್ತಿದ್ದವು. ಸ್ವಲ್ಪ ವರ್ಷದ ಮೇಲೆ ಆ ವಾಸನೆ ನಿಂತುಹೋಯಿತು ಅಂದರು. ಗೆಳತಿಯ ಅಮ್ಮನಿಗೆ ಇದೇನೂ ನೆನಪಿಲ್ಲ, ಆಗ ತೊಟ್ಟಿಲ ಕೂಸು. ಅಕ್ಕನನ್ನೇ ಮತ್ತೆ ಮತ್ತೆ ಕೇಳಿದರು. ಅಂಗಿ ಯಾವ ಬಣ್ಣ, ಮನೆಗೆ ಎಷ್ಟು ಹೊತ್ತಿಗೆ ಬರುತ್ತಿದ್ದರು, ಬಂದ ತಕ್ಷಣ ಏನು ತಿನ್ನುತ್ತಿದ್ದರು ಅಂತ. ಆ ಕರೆ ಎರಡು ಗಂಟೆ ನಡೆಯಿತು. ನನ್ನ ಸಾರು ಕುದ್ದು, ಆರಿ, ಮತ್ತೆ ಬಿಸಿಯಾಯಿತು.

ದೊಡ್ಡಮ್ಮನ ಹಾಲಿನಲ್ಲಿ ಈಗ ಆ ಹೂದಾನಿ ಇದೆ. ಮಾರುವ ಮಾತು ಮತ್ತೆ ಬರಲಿಲ್ಲ. ಅಷ್ಟು ಸಣ್ಣ ಮೊತ್ತಕ್ಕೆ ಮಾರುವುದೇ ಬೇಡ ಅನ್ನಿಸಿತೋ, ಬೇರೆ ಕಾರಣವೋ, ನನಗೆ ಹೇಳಲು ಬಾರದು. ಆಸಕ್ತಿ ಇರುವವರಿಗೆ ಹೇಳಿಬಿಡುತ್ತೇನೆ: ಈ ಕಡೆ ಬಂದರೆ ಎಸ್ಪೂ ಊರಿನ ಎಮ್ಮಾ ಮ್ಯೂಸಿಯಂಗೆ ಹೋಗಿ. ಫಿನ್ನಿಶ್ ಗಾಜಿನ ದೊಡ್ಡ ಸಂಗ್ರಹ ಅಲ್ಲಿದೆ, ವಿರ್ಕಲಾ ಅವರ ಕೆಲಸಗಳೂ ಇವೆ. ಹನಿಗೂ ಕರಕಲಿಗೂ ವ್ಯತ್ಯಾಸ ಅಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಆಸ್ತಿ ಪಟ್ಟಿ ಗಡುವಿಗೆ ನಾಲ್ಕು ದಿನ ಮೊದಲು ತಯಾರಾಯಿತು. ಕೊನೆಯ ಪುಟದಲ್ಲಿ ಒಂದು ಸಾಲು: ‘ಗಾಜಿನ ಹೂದಾನಿ, ತಿಮೊ ಸರ್ಪನೇವಾ, ಫಿನ್ಲಾಂದಿಯಾ, ಸಹಿ ಇಲ್ಲ.’ ಅದರ ಪಕ್ಕದಲ್ಲಿ ‘ಊದಿದವರು’ ಅಂತ ಅಜ್ಜನ ಹೆಸರು ಸೇರಿಸಬಹುದೇ ಅಂತ ದೊಡ್ಡಮ್ಮ ಕೇಳಿದರಂತೆ. ಅದಕ್ಕೆ ಸಾಕ್ಷಿ ಏನಿದೆ, ಆ ತಂಡದಲ್ಲಿ ಇನ್ನೂ ಎಷ್ಟು ಜನ ಇದ್ದರು ಅಂತ ನಂಬಿಕಸ್ಥರಲ್ಲಿ ಒಬ್ಬರು ಕೇಳಿದರು. ಜತೆಗೆ, ಆ ಪಟ್ಟಿಯಲ್ಲಿ ಹ್ಾಗೆ ಬರೆಯಲು ಜಾಗವೂ ಇರಲಿಲ್ಲ. ದೊಡ್ಡಮ್ಮ ಪೆನ್ಸಿಲಿನಲ್ಲಿ ಒಂದು ಚೀಟಿ ಬರೆದು, ಮಡಚಿ, ಹೂದಾನಿಯ ಒಳಗೆ ಹಾಕಿಟ್ಟಿದ್ದಾರೆ.